ಕಳ್ಳ ಬ್ರೇಕು

ಮಾರ್ಚ್ 3, ಸೋಮವಾರ

ಎದೆ ಪರೀಕ್ಷೆ ಇದ್ದದ್ದು ನಮ್ಮ ಯಜಮಾನರಿಗೆ. ಫೇಲಾದವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು.

ಒಂದು ವರ್ಷದಿಂದ ಈ ಮನುಷ್ಯನದು ಒಂದೇ ರಾಗ. ನಮ್ಮದು ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ "ಸ್ವಲ್ಪ ನಿಲ್ಲೋಣ ಕಣೇ, ಉಸಿರು ಹಿಡೀತಿದೆ" ಎಂದು ಗೋಡೆಗೆ ಒರಗುವುದು, ನಾನು ಪಕ್ಕದಲ್ಲಿ ನಿಂತು ಬೈಯುವುದು. ಒಮ್ಮೆ ಉಸಿರು, ಒಮ್ಮೆ ಬೂಟಿನ ದಾರ, ಒಮ್ಮೆ ಎರಡನೇ ಮಹಡಿಯವರ ಬೆಕ್ಕನ್ನು ಮಾತಾಡಿಸಬೇಕು. ನಿವೃತ್ತಿಯಾದ ಮೇಲೆ ಕೂತು ಕೂತು ಹೀಗಾಗಿದ್ದಾರೆ, ಒಮ್ಮೆ ಹೃದಯ ತೋರಿಸಿಕೊಳ್ಳಿ ಎಂದು ಗಂಟಲು ಹರಿದುಕೊಂಡವಳು ನಾನೇ. ಹೋದ ತಿಂಗಳು ಒಪ್ಪಿದರು. ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ನೀನೂ ಮಾಡಿಸಿಕೊಳ್ಳಬೇಕು, ಒಬ್ಬನೇ ಆದರೆ ನನಗೆ ಹೆದರಿಕೆ ಎಂದರು. ಮಗುವನ್ನು ಸ್ಕೂಲಿಗೆ ಬಿಡಲು ಹೋಗಿ ತಾನೂ ಬೆಂಚಿನಲ್ಲಿ ಕೂತ ಹಾಗೆ, ನಾನೂ ಆ ಓಡುವ ಪಟ್ಟಿಯ ಮೇಲೆ ಹತ್ತಿದೆ.

ಇವರು ಅದರ ಮೇಲೆ ಹೂವಿನಂತೆ ನಡೆದು ಇಳಿದರು. ಪರೀಕ್ಷೆ ಮಾಡುವ ಹುಡುಗಿ "ಅಂಕಲ್, ನೀವು ಕುದುರೆ" ಎಂದಳು. ನನ್ನ ಸರದಿ ಬಂದಾಗ ಎದೆಯ ತುಂಬ ವೈರು ಅಂಟಿಸಿ, ಪಟ್ಟಿ ಓಡಿಸಿ, ಏರು ಮಾಡಿದಳು. ನಾನು ನಡೆಯುತ್ತಲೇ ಇದ್ದೆ. ಅವಳು ಕಂಪ್ಯೂಟರ್ ತೆರೆ ನೋಡಿದಳು, ನನ್ನ ಮುಖ ನೋಡಿದಳು, ಕೆಂಪು ಗುಂಡಿ ಒತ್ತಿಬಿಟ್ಟಳು. ನಾನು ಸಾಕು ಎಂದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಜನಕ್ಕೆ ಕಾರು ಓಡಿಸಲು ಕಲಿಸುತ್ತಿದ್ದೇನೆ, ನಿಲ್ಲಿಸುವುದು ನನ್ನ ಕೆಲಸ. ನನ್ನನ್ನು ಇನ್ನೊಬ್ಬರು ನಿಲ್ಲಿಸಿದ್ದು ಇದೇ ಮೊದಲು.

ಡಾಕ್ಟರು ಕಾಗದದ ಮೇಲೆ ಪೆನ್ನಿನ ತುದಿಯಿಟ್ಟರು. "ನೋಡಿ, ನಡಿಗೆ ಜೋರಾದ ಹಾಗೆ ಈ ಗೆರೆ ಕೆಳಗೆ ಇಳೀತಿದೆ. ಹೃದಯಕ್ಕೆ ರಕ್ತ ಸಾಲ್ತಾ ಇಲ್ಲದೆ ಇರಬಹುದು. ಹೆಂಗಸರಲ್ಲಿ ಈ ಪರೀಕ್ಷೆ ಎಷ್ಟೋ ಸಲ ಸುಮ್ಮನೆ ಹೆದರಿಸೋದೂ ಉಂಟು. ಖಚಿತ ಆಗ್ಬೇಕಾದ್ರೆ ಮುಂದಿನ ಪರೀಕ್ಷೆ ಮಾಡ್ಬೇಕು. ಒಂದೋ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನು, ಇಲ್ಲಾ ಮಣಿಕಟ್ಟಿನಿಂದ ಸಣ್ಣ ನಳಿಗೆ ಹಾಕಿ ನೇರವಾಗಿ ರಕ್ತನಾಳ ನೋಡೋದು. ಎದೆ ನೋಯುತ್ತಾ? ಕೈ, ಬೆನ್ನು, ದವಡೆ..."

"ಎಲ್ಲೂ ಏನೂ ಇಲ್ಲ" ಎಂದು ಅವರ ಮಾತು ಮುಗಿಯುವ ಮೊದಲೇ ಹೇಳಿದೆ.

"ಹಾಗಾದ್ರೆ ಮೊದಲು ಸ್ಕ್ಯಾನು ಸಾಕು. ಬೇಗ ತೀರ್ಮಾನ ಮಾಡಿ. ಅಲ್ಲಿವರೆಗೂ ಈ ಮಾತ್ರೆ ತಗೊಳ್ಳಿ, ಕಾರಿನ ಪಾಠ ನಿಲ್ಲಿಸಿ. ಏನಾದ್ರೂ ತೊಂದರೆ ಅನ್ನಿಸಿದ್ರೆ ಬರೆದಿಟ್ಕೊಳ್ಳಿ."

ಅದಕ್ಕೇ ಈ ಪುಸ್ತಕ. ಬರೆಯುತ್ತೇನೆ. ಎದೆನೋವು: ಇಲ್ಲ. ಸಿಟ್ಟು: ಇದೆ.

ಮಾರ್ಚ್ 4, ಮಂಗಳವಾರ

ಪಾಠ ನಿಲ್ಲಿಸುವುದಂತೆ. ಬೆಳಿಗ್ಗೆ ಎಂದಿನಂತೆ ಕಾರು ತೆಗೆದೆ. ಇವರು ಬಾಗಿಲಿಗೆ ಅಡ್ಡ ನಿಂತರು. "ನಾಲ್ಕು ದಿನ ಬಿಡಬಾರದಾ?" ಎಂದರು. "ನಿಮ್ಮ ಕುದುರೆ ಸವಾರಿ ನೀವು ಮಾಡ್ಕೊಳ್ಳಿ" ಎಂದು ಪಕ್ಕಕ್ಕೆ ಸರಿಸಿ ಬಂದೆ.

ಈಗ ನನ್ನ ಹತ್ತಿರ ಕಲಿಯುತ್ತಿರುವವರಲ್ಲಿ ತಲೆನೋವು ಒಬ್ಬಳೇ, ಬೇಕರಿಯಮ್ಮ. ಬ್ರೆಡ್ಡಿನ ಅಂಗಡಿ ಅವಳದು, ನಲವತ್ತು ದಾಟಿದೆ, ನಲವತ್ತು ಜನಕ್ಕೆ ಆಗುವಷ್ಟು ಹಿಟ್ಟನ್ನು ಒಬ್ಬಳೇ ನಾದುತ್ತಾಳೆ, ಸ್ಟೀರಿಂಗ್ ಹಿಡಿದರೆ ಮಾತ್ರ ಕೈ ನಡುಗುತ್ತದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಪ್ರತಿ ಸಲವೂ ಏರಿನಲ್ಲೇ ಫೇಲು. ಏರಿನ ಮಧ್ಯೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು, ಅಷ್ಟೇ. ಅಲ್ಲಿ ಜೀವ ಬಾಯಿಗೆ ಬಂದಂತೆ ಮಾಡುತ್ತಾಳೆ. ಇಪ್ಪತ್ತೊಂದಕ್ಕೆ ಮತ್ತೆ ಪರೀಕ್ಷೆ.

"ಈ ಸಲ ಬೇಡ್ವೇನೋ ಮೇಡಂ, ಮುಂದಿನ ತಿಂಗಳು ಹೋಗ್ತೀನಿ" ಎಂದಳು.

ನೆತ್ತಿಗೇರಿತು ನನಗೆ. "ಪರೀಕ್ಷೆ ಅಂದ್ರೆ ಏನಮ್ಮ ಅಷ್ಟು ಭಯ? ನಿನ್ನಲ್ಲಿ ಇರೋದೇನು, ಇಲ್ಲದೇ ಇರೋದೇನು ಅಂತ ಹೇಳುತ್ತೆ, ಅಷ್ಟೇ ತಾನೇ. ಮುಂದಕ್ಕೆ ಹಾಕಿದ್ರೆ ಏರು ತಗ್ಗಾಗುತ್ತಾ?" ಎಂದು ಚೆನ್ನಾಗಿ ಝಾಡಿಸಿದೆ. ಹೆದರುಪುಕ್ಕಲರನ್ನು ಕಂಡರೆ ನನಗಾಗುವುದಿಲ್ಲ.

ಆದರೂ ಅವಳಿಗೆ ಧೈರ್ಯ ಬರಲೆಂದು ಇವತ್ತೂ ಕಳ್ಳ ಬ್ರೇಕು ಒತ್ತಿದೆ. ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಧಡಕ್ಕನೆ ತುಳಿದು, ಕಲಿಯುವವರ ಮಾನ ತೆಗೆಯುತ್ತಾರೆ. ನಾನು ಹಾಗಲ್ಲ. ಕಿಟಕಿಯಾಚೆ ನೋಡುತ್ತಾ, ಏನೂ ಅರಿಯದವಳಂತೆ, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಒತ್ತುತ್ತೇನೆ. ಕಾರು ನಿಲ್ಲುತ್ತದೆ. "ನೋಡಿದ್ಯಾ, ನೀನೇ ನಿಲ್ಲಿಸ್ದೆ" ಎನ್ನುತ್ತೇನೆ. ಅವರ ಮುಖ ಅರಳುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ. ನನ್ನ ವಿದ್ಯೆ ಎಂದರೆ ಅದೊಂದೇ.

ಮಧ್ಯಾಹ್ನ ಮನೆಗೆ ಬಂದಾಗ ಇವರು ಕೆಳಗೆ ಕಾದಿದ್ದರು. ನನ್ನ ಕೈಚೀಲ ಕಿತ್ತುಕೊಂಡರು, ಭುಜಕ್ಕೆ ವ್ಯಾಯಾಮವಂತೆ. ಮೊದಲ ತಿರುವಿನಲ್ಲೇ ಗೋಡೆಗೆ ಒರಗಿ "ಸ್ವಲ್ಪ ನಿಲ್ಲೋಣ ಕಣೇ" ಎಂದರು. ಆ ಹುಡುಗಿ ಕುದುರೆ ಎಂದು ಸರ್ಟಿಫಿಕೇಟ್ ಕೊಟ್ಟು ಒಂದು ದಿನ ಕಳೆದಿಲ್ಲ. ಕಂಬಿ ಹಿಡಿದುಕೊಂಡು ಚೆನ್ನಾಗಿ ಬೈದೆ. ಬೈದು ಮುಗಿಸಿ ಹತ್ತಿದೆವು. ಎರಡನೇ ತಿರುವಿನಲ್ಲಿ ಮತ್ತೆ ಅದೇ ನಾಟಕ.

ಹಲ್ಲು ಬೇರೆ ನೋಯುತ್ತಿದೆ, ಎಡಗಡೆಯ ಕೆಳದವಡೆಯದು. ಸುಮಾರು ದಿನದಿಂದ ಹೀಗೆ ಬಂದು ಹೋಗುತ್ತದೆ. ಸಿಟ್ಟು ಬಂದಾಗ ಹಲ್ಲು ಕಚ್ಚುವ ಅಭ್ಯಾಸ, ಅದಕ್ಕೇ ಇರಬೇಕು.

ಎದೆನೋವು: ಇಲ್ಲ.

ಮಾರ್ಚ್ 6, ಗುರುವಾರ

ನನ್ನನ್ನು ಕೇಳದೆ ಸ್ಕ್ಯಾನಿಗೆ ದಿನ ಗೊತ್ತು ಮಾಡಿದ್ದರು. ಆಸ್ಪತ್ರೆಯಿಂದ ಫೋನು ಬಂದಾಗಲೇ ನನಗೆ ತಿಳಿದದ್ದು. ಅಲ್ಲೇ ಬೇಡವೆಂದು ಹೇಳಿ ಇಟ್ಟೆ.

ಆಮೇಲೆ ಅಡುಗೆಮನೆಯಲ್ಲಿ ಯುದ್ಧ. "ಎದೆ ಯಾರದ್ದು, ನಿಮ್ಮದೋ ನನ್ನದೋ?" ಎಂದೆ. ಇವರು ಪಾತ್ರೆ ಒರೆಸುತ್ತಲೇ ಇದ್ದರು. ಜಗಳದಲ್ಲಿ ಇವರು ಎಂದೂ ದನಿ ಎತ್ತುವುದಿಲ್ಲ. ಅದೇ ನನಗೆ ಇನ್ನಷ್ಟು ಉರಿ.

"ಮಾಡಿಸ್ಕೊಂಡ್ರೆ ಏನು ಕಳ್ಕೊಳ್ತೀಯ?" ಎಂದರು.

ಏನು ಕಳೆದುಕೊಳ್ಳುತ್ತೇನಂತೆ. ಒಂದು ಪರೀಕ್ಷೆ ಇನ್ನೊಂದನ್ನು ಹೆರುತ್ತದೆ, ಅದು ಮತ್ತೊಂದನ್ನು. ಸ್ಕ್ಯಾನಿನಲ್ಲಿ ಏನೋ ಕಂಡಿತು ಎನ್ನುತ್ತಾರೆ, ನಳಿಗೆ ಹಾಕುತ್ತಾರೆ. ಅಲ್ಲಿ ಏನೋ ಕಂಡಿತು ಎನ್ನುತ್ತಾರೆ, ಹೃದಯದ ಕಾಯಿಲೆಯವಳು ಎಂದು ಹಣೆಗೆ ಚೀಟಿ ಹಚ್ಚುತ್ತಾರೆ. ಹೃದಯದ ಕಾಯಿಲೆಯವಳ ಪಕ್ಕದಲ್ಲಿ ಕೂತು ಯಾರು ಕಾರು ಕಲಿಯುತ್ತಾರೆ? ಆ ಸೀಟು ಹೋದರೆ ನಾನು ಏನು? ಇವರ ಜೊತೆ ಕೂತು ಕಿಟಕಿಯಿಂದ ಬೇರೆಯವರ ಕಾರು ನೋಡಬೇಕೇ? ಇಷ್ಟನ್ನೂ ಹೇಳಲಿಲ್ಲ. "ಗುಡ್ಡ ಅಗೆದು ಇಲಿ ಹಿಡಿಯೋ ಕೆಲಸ ನನಗೆ ಬೇಡ" ಎಂದಷ್ಟೇ ಹೇಳಿದೆ.

"ಇಲಿ ಆದ್ರೆ ಒಳ್ಳೇದೇ ಅಲ್ವಾ" ಎಂದರು.

ತಟ್ಟೆಯನ್ನು ಕುಕ್ಕಿದೆ. ಒಡೆಯಲಿಲ್ಲ, ಸ್ಟೀಲಿನದು.

ಮಾರ್ಚ್ 9, ಭಾನುವಾರ

ಅಕ್ಕ ಫೋನು ಮಾಡಿದ್ದಳು. ಇವರೇ ಚಾಡಿ ಹೇಳಿರಬೇಕು. ಆದರೆ ಅಕ್ಕ ನನ್ನ ಕಡೆಗೇ ಬಂದಳು. "ನಮ್ಮ ಮನೆ ಹೆಂಗಸರಿಗೆ ಹೃದಯದ್ದು ಯಾರಿಗೇ ಬಂದಿದೆ? ಅಜ್ಜಿ ಕಲ್ಲುಗುಂಡಿನ ಹಾಗಿದ್ಳು. ಅಮ್ಮಂಗೆ ಹಲ್ಲು ಒಂದು ಬಿಟ್ರೆ ಏನಿತ್ತು?" ಎಂದಳು.

ಅಮ್ಮನ ಹಲ್ಲಿನ ಮಾತು ಬಂದರೆ ನಮಗಿಬ್ಬರಿಗೂ ನಗು ತಡೆಯುವುದಿಲ್ಲ. ಅಮ್ಮನ ಹಲ್ಲುನೋವು ನಮ್ಮ ಬಂಧುಬಳಗಕ್ಕೆಲ್ಲ ಪ್ರಸಿದ್ಧ. ಬಟ್ಟೆ ಒಗೆದು ಬಕೆಟ್ ಹೊತ್ತು ಮಹಡಿ ಹತ್ತಿದರೆ ಸಾಕು, ಕೆನ್ನೆ ಹಿಡಿದುಕೊಂಡು ಮೆಟ್ಟಿಲಲ್ಲೇ ಕೂರುತ್ತಿದ್ದಳು. ಒಂದು ಹಲ್ಲು ಕೀಳಿಸಿದಳು, ಹೋಗಲಿಲ್ಲ. ಪಕ್ಕದ್ದು ಕೀಳಿಸಿದಳು. ಹೀಗೇ ಒಂದೊಂದಾಗಿ ಅಷ್ಟೂ ಹೋದವು, ನೋವು ಮಾತ್ರ ಹೋಗಲಿಲ್ಲ. ಬೊಚ್ಚುಬಾಯಲ್ಲಿ "ಹಲ್ಲು ನೋಯ್ತಿದೆ ಕಣ್ರೇ" ಎನ್ನುತ್ತಿದ್ದಳು. ನಾವಿಬ್ಬರೂ ನಕ್ಕು ನಕ್ಕು ನೆಲಕ್ಕೆ ಬೀಳುತ್ತಿದ್ದೆವು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ಅಪ್ಪ ಒಂದು ಬಾಲ ಸೇರಿಸಿದ್ದರು: ನಿಮ್ಮಮ್ಮನಿಗೆ ಹಲ್ಲಿಲ್ಲದಿದ್ದರೂ ನೋವಿದೆ. ಅಮ್ಮನೂ ನಗುತ್ತಿದ್ದಳು, ಕೆನ್ನೆ ಹಿಡಿದುಕೊಂಡೇ.

ಅಮ್ಮ ಹೋದದ್ದು ಅರವತ್ತಕ್ಕೆ, ಮಹಡಿಯ ಮೇಲೆ, ಬಟ್ಟೆ ಹರವುತ್ತಾ. ಪುಣ್ಯಾತ್ಗಿತ್ತಿ, ಯಾರಿಗೂ ತೊಂದರೆ ಕೊಡದೆ ಹೋದಳು ಎಂದರು ಎಲ್ಲರೂ.

ಅಕ್ಕನ ಜೊತೆ ಮಾತಾಡಿ ಮನಸ್ಸು ಹಗುರಾಯಿತು. ಫೋನಿಟ್ಟು ನೋಡಿದರೆ ಇವರು ಬಾಗಿಲಲ್ಲಿ ನಿಂತಿದ್ದರು, ನಗುತ್ತಿರಲಿಲ್ಲ. ಈ ಮನುಷ್ಯನಿಗೆ ಹಾಸ್ಯ ಎಂದರೆ ಏನೆಂದೇ ಗೊತ್ತಿಲ್ಲ.

ಮಾರ್ಚ್ 12, ಬುಧವಾರ

ಇವರು ಅಂಚೆ ಕಚೇರಿಗೆ ಹೋಗಿದ್ದರು. ಸದ್ಯ, ನಿಲ್ಲದೆ ಹತ್ತಬಹುದು ಎಂದುಕೊಂಡು ಒಬ್ಬಳೇ ಹತ್ತಿದೆ. ಮೊದಲ ತಿರುವಿನಲ್ಲಿ ಕೀಲಿಕೈ ಹುಡುಕಲು ನಿಂತೆ. ಎರಡನೆಯದರಲ್ಲೂ ಹುಡುಕಿದೆ. ಕೀಲಿಕೈ ಕೈಯಲ್ಲೇ ಇತ್ತು. ಅರವತ್ತರ ಹತ್ತಿರ ಬಂದರೆ ಮರೆವು.

ಹಲ್ಲು ತಲೆ ತಿನ್ನುತ್ತಿದೆ. ಬೇಕರಿಯಮ್ಮನ ಪಾಠವನ್ನು ಎರಡು ದಿನದಿಂದ ಸಮತಟ್ಟು ರಸ್ತೆಯಲ್ಲೇ ಮಾಡಿಸುತ್ತಿದ್ದೇನೆ. ಏರಿನಲ್ಲಾದರೆ ಕಿರುಚಬೇಕಾಗುತ್ತದೆ, ಕಿರುಚಿದರೆ ಹಲ್ಲು ಎಳೆಯುತ್ತದೆ. "ಪರೀಕ್ಷೆಯಲ್ಲಿ ಏರು ತಾನೇ ಬರೋದು ಮೇಡಂ?" ಎಂದಳು. ಗುರುವಿಗೇ ತಿರುಮಂತ್ರ. ಶನಿವಾರ ಹೋಗಿ ಈ ಹಲ್ಲನ್ನು ಕೀಳಿಸಿ ಬಿಸಾಡುತ್ತೇನೆ.

ಎದೆನೋವು: ಇಲ್ಲ, ಇಲ್ಲ, ಇಲ್ಲ.

ಮಾರ್ಚ್ 15, ಶನಿವಾರ

ಹಲ್ಲಿನ ಡಾಕ್ಟರ ಹತ್ತಿರ ಜಗಳ ಆಡಿಕೊಂಡು ಬಂದೆ. ಹಲ್ಲು ಇನ್ನೂ ಬಾಯಲ್ಲೇ ಇದೆ.

ವಯಸ್ಸಾದ ಮನುಷ್ಯ, ನಿಧಾನದ ಕೈ. ಒಂದೊಂದು ಹಲ್ಲನ್ನೂ ಬಾಗಿಲು ತಟ್ಟಿದ ಹಾಗೆ ತಟ್ಟಿ ನೋಡಿದರು. ಫೋಟೋ ತೆಗೆದರು. "ಒಂದಕ್ಕಿಂತ ಒಂದು ಗಟ್ಟಿ ಇದೆಯಲ್ಲಮ್ಮ. ತಣ್ಣೀರು ಕುಡಿದ್ರೆ ನೋಯುತ್ತಾ?"

"ಇಲ್ಲ."

"ಅಗಿದಾಗ?"

"ಇಲ್ಲ. ಮೆಟ್ಟಿಲು ಹತ್ತೋವಾಗ. ಕಿರುಚಿದಾಗ. ಭಾರ ಎತ್ತಿದಾಗ."

"ನಿಂತ್ಕೊಂಡ್ರೆ?"

"ಹೋಗುತ್ತೆ."

ಅವರು ಕೈಗವಸು ತೆಗೆದು ಪಕ್ಕಕ್ಕಿಟ್ಟರು. "ಮೆಟ್ಟಿಲು ಹತ್ತಿದ್ರೆ ನೋಯೋ ಹಲ್ಲು ನಾನು ಇದುವರೆಗೂ ನೋಡಿಲ್ಲ. ಇದನ್ನ ನಾನು ಕೀಳಲ್ಲ. ನಿಮ್ಮ ಹೃದಯ ಯಾವತ್ತಾದ್ರೂ ತೋರಿಸಿದ್ದೀರಾ?"

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹಲ್ಲು ತೋರಿಸಲು ಬಂದರೆ ಹೃದಯ ಕೇಳುತ್ತೀರಿ, ಕಾಲು ತೋರಿಸಿದರೆ ಕಿಡ್ನಿ ಕೇಳುತ್ತೀರಿ, ನೀವೆಲ್ಲ ಒಂದೇ ಬಳ್ಳಿಯ ಕಾಯಿಗಳು ಎಂದು ಬೈದು ಎದ್ದುಬಂದೆ. ಹಿಂದಿನಿಂದ "ಇವತ್ತೇ ಹೇಳಿ ಅವರಿಗೆ" ಎಂದು ಕೂಗಿದರು. ಹೊರಗೆ ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ನೋಡಲಿ.

ಇವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮಾರ್ಚ್ 16, ಭಾನುವಾರ

ಅಮ್ಮ ಇಳಿಯುವಾಗ ಒಮ್ಮೆಯೂ ಕೆನ್ನೆ ಹಿಡಿದುಕೊಂಡಿದ್ದು ನೆನಪಿಲ್ಲ. ಹತ್ತುವಾಗ ಮಾತ್ರ.

ಇವತ್ತು ಬರೆಯುವುದಿಲ್ಲ.

ಮಾರ್ಚ್ 18, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಲೇಬೇಕು.

ಪರೀಕ್ಷೆಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಬೇಕರಿಯಮ್ಮ ದುಂಬಾಲು ಬಿದ್ದಳೆಂದು ನೀರಿನ ಟ್ಯಾಂಕಿನ ಏರಿಗೆ ಹೋದೆವು. ಮಧ್ಯದಲ್ಲಿ ನಿಲ್ಲಿಸಿದಳು. ಹಿಂದೆ ಒಂದು ಲಾರಿ ಬಂದು ನಿಂತಿತು. ಕ್ಲಚ್ ಬಿಡುವಾಗ ಇಂಜಿನ್ ಸತ್ತಿತು, ಕಾರು ಹಿಂದಕ್ಕೆ ಜಾರಿತು. ನಾನು "ಬ್ರೇಕು, ಬ್ರೇಕು" ಎಂದು ಕೂಗಿದೆ. ಕೂಗಿದ್ದೇ ತಡ, ಹಲ್ಲಿನಲ್ಲಿ ಹಿಡಿದದ್ದು ಕುತ್ತಿಗೆಗೆ ಇಳಿದು ಎಡಭುಜದ ತನಕ ಹಿಂಡಿತು. ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ಎಂದಿನಂತೆ ಒತ್ತಿರಬೇಕು ಎಂದುಕೊಂಡೆ. ಬಾಯಿಯೂ ಎಂದಿನ ಮಾತನ್ನೇ ಆಡಿತು. "ನೋಡಿದ್ಯಾ, ನೀನೇ ನಿಲ್ಲಿಸ್ದೆ."

"ಹೌದು ಮೇಡಂ" ಎಂದಳು. "ಈ ಸಲ ನಾನೇ."

"ಈ ಸಲ ಅಂದ್ರೆ?"

ಹ್ಯಾಂಡ್ ಬ್ರೇಕ್ ಎಳೆದಳು. ಕಿಟಕಿಯಿಂದ ಕೈ ಹೊರಹಾಕಿ ಲಾರಿಯವನಿಗೆ ಮುಂದೆ ಹೋಗೆಂದು ಸನ್ನೆ ಮಾಡಿದಳು. ಕೈ ನಡುಗುತ್ತಿರಲಿಲ್ಲ. "ಮಿಕ್ಕ ಸಲವೆಲ್ಲ ನೀವಲ್ವಾ ಮೇಡಂ. ನೀವು ಒತ್ತಿದ್ರೆ ನನ್ನ ಕಾಲಡಿಯ ಪೆಡಲ್ಲೂ ತಾನಾಗೇ ಇಳಿಯುತ್ತೆ. ಗೊತ್ತಾಗದೆ ಇರುತ್ತಾ?"

ಎರಡು ಪೆಡಲಿಗೂ ನಡುವೆ ಸಲಾಕೆ ಇದೆ. ಒಂದು ಇಳಿದರೆ ಇನ್ನೊಂದು ಇಳಿಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇ? ಆ ಕಾರಿನ ಹೊಟ್ಟೆಯ ಕೆಳಗೆ ಮಲಗಿ ಆ ಸಲಾಕೆಗೆ ನಾನೇ ಗ್ರೀಸ್ ಹಚ್ಚಿದ್ದೇನೆ. ಇಷ್ಟು ವರ್ಷ ಒಮ್ಮೆಯೂ ಆ ಕಡೆಯ ಕಾಲಿಗೆ ಏನು ತಿಳಿಯುತ್ತದೆ ಎಂದು ಯೋಚಿಸಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

"ಯಾವಾಗಿನಿಂದ ಗೊತ್ತು?"

"ಮೊದಲನೇ ದಿನದಿಂದ. ನಿಮ್ಮ ಹತ್ರ ಕಲಿತವರಿಗೆಲ್ಲ ಗೊತ್ತು. ನೀವು ಅಷ್ಟು ಖುಷಿಯಾಗಿ ಹೇಳ್ತೀರಲ್ಲ, ಯಾಕೆ ಮನಸ್ಸು ಮುರಿಯೋದು ಅಂತ ಯಾರೂ ಹೇಳಲ್ಲ." ನನ್ನ ಕಡೆ ತಿರುಗಿದಳು. "ಇವತ್ತು ಪೆಡಲ್ಲು ಇಳೀಲಿಲ್ಲ ಮೇಡಂ. ನಾನು ಕಾಯ್ದೆ. ಇಳೀಲೇ ಇಲ್ಲ. ಆಮೇಲೆ ನಾನೇ ಒತ್ತಿದೆ."

ಲಾರಿ ಪಕ್ಕದಲ್ಲೇ ಏರಿಕೊಂಡು ಹೋಯಿತು. ಅದರ ಮುಂದಿನ ಚಕ್ರ ನಮ್ಮ ಕಿಟಕಿಯಷ್ಟು ಎತ್ತರ ಇತ್ತು. ಅವಳೇ ಕಾರು ಓಡಿಸಿಕೊಂಡು ಬಂದು ನಮ್ಮ ಮನೆಯ ಮುಂದೆ ನಿಲ್ಲಿಸಿ, "ಮೇಲೆ ಬಿಟ್ಟು ಬರ್ಲಾ?" ಎಂದಳು. ಬೇಡ ಎಂದು ಕಳಿಸಿದೆ. ಕಾರಿನಲ್ಲೇ ಕೂತೆ.

ಅಷ್ಟರಲ್ಲಿ ಇವರು ಅಂಗಡಿಯಿಂದ ಬಂದರು. ಹೆಗಲ ಮೇಲೆ ಹಿಟ್ಟಿನ ಮೂಟೆ. ನನ್ನನ್ನು ನೋಡಲಿಲ್ಲ. ನಮ್ಮ ಕಟ್ಟಡದ ಮೆಟ್ಟಿಲಿಗೆ ರಸ್ತೆಯ ಕಡೆ ಜಾಲರಿ ಇದೆ, ಹತ್ತುವವರು ಪೂರ್ತಿ ಕಾಣುತ್ತಾರೆ. ಸಿಳ್ಳೆ ಹಾಕುತ್ತಾ, ಒಂದು ಬಿಟ್ಟು ಒಂದು ಮೆಟ್ಟಿಲು ಹಾರುತ್ತಾ ಹತ್ತಿದರು. ಮೊದಲ ತಿರುವು ಬಂತು. ನಿಲ್ಲಲಿಲ್ಲ. ಎರಡನೆಯದು ಬಂತು. ನಿಲ್ಲಲಿಲ್ಲ. ಬೆಕ್ಕು ಅಲ್ಲೇ ಕೂತಿತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ವರ್ಷ. ಒಂದು ವರ್ಷದಿಂದ ಈ ಮನುಷ್ಯ ಗೋಡೆಗೆ ಒರಗಿ ಏದುಸಿರು ಬಿಟ್ಟಿದ್ದಾರೆ, ನಾನು ಪಕ್ಕದಲ್ಲಿ ನಿಂತು ಬೈದಿದ್ದೇನೆ. ಬೈಯುತ್ತಾ ಬೈಯುತ್ತಾ ನನ್ನ ಉಸಿರು ಸರಿಹೋಗುತ್ತಿತ್ತು, ಆಗ ಹೊರಡುತ್ತಿದ್ದರು. ಆ ಪರೀಕ್ಷೆಗೆ "ಒಬ್ಬನೇ ಆದರೆ ನನಗೆ ಹೆದರಿಕೆ" ಎಂದು ಎಳೆದುಕೊಂಡು ಹೋದದ್ದೂ ಅದಕ್ಕೇ. ನನ್ನ ಮೇಲೆ, ನನ್ನ ಮೇಲೆಯೇ ಕಳ್ಳ ಬ್ರೇಕು. ಸಿಟ್ಟಿಗೆ ಮೈಯೆಲ್ಲ ಉರಿಯಿತು. ಬಾಗಿಲು ತೆಗೆದು ಓಡಿ ಹತ್ತಿ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಓಡಲು ಆಗುವುದಿಲ್ಲ ಎಂದು ಗೊತ್ತಿತ್ತು. ಕಾರಿನಲ್ಲೇ ಕೂತು ಅತ್ತೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ನಾನೇ ಹೃದಯದ ಡಾಕ್ಟರಿಗೆ ಫೋನು ಮಾಡಿದೆ. ಹಲ್ಲಿನದು, ಭುಜದ್ದು, ಅಮ್ಮನದು ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಹಾಗಾದ್ರೆ ಸ್ಕ್ಯಾನು ಬೇಡ, ನೇರ ಆಂಜಿಯೋಗ್ರಾಂ ಮಾಡೋಣ" ಎಂದರು. "ಮಣಿಕಟ್ಟಿನಿಂದಲೇ. ಬ್ಲಾಕ್ ಇದ್ರೆ ಆಗಲೇ ಸರಿಮಾಡೋಕೂ ಆಗಬಹುದು. ಇವತ್ತೇ ಬಂದು ರಕ್ತ ಕೊಟ್ಟು ಹೋಗಿ. ಶುಕ್ರವಾರ ಬೆಳಿಗ್ಗೆ ಮಾಡ್ತೀನಿ. ಸುಮ್ಮನೆ ಕೂತಿದ್ದಾಗ ನೋವು ಬಂದ್ರೆ ಮಾತ್ರ ಶುಕ್ರವಾರದವರೆಗೂ ಕಾಯ್ಬೇಡಿ, ಆ ಕ್ಷಣ ಬನ್ನಿ. ಮನೆಯವರ ಜೊತೆ ಯೋಚನೆ ಮಾಡಿ ಹೇಳ್ತೀರಾ?"

"ಯೋಚನೆ ಮಾಡಿ ಆಯ್ತು. ಬರ್ತೀನಿ" ಎಂದೆ.

ಶುಕ್ರವಾರವೇ ಬೇಕರಿಯಮ್ಮನ ಪರೀಕ್ಷೆ. ಅವಳನ್ನು ಎದುರು ಬೀದಿಯ ಮೀಸೆ ಮೇಷ್ಟ್ರಿಗೆ ಒಪ್ಪಿಸಬೇಕಾಯಿತು. ಧಡಕ್ಕನೆ ಬ್ರೇಕು ತುಳಿಯುವವರಲ್ಲಿ ಅವನೇ ಮೊದಲಿಗ. ಅವನ ಮುಂದೆ ನಿಂತು ಕೇಳಿಕೊಳ್ಳುವಾಗ ಹೊಟ್ಟೆಯೆಲ್ಲ ಉರಿಯಿತು. "ನೀವು ನಿಮ್ಮ ಪರೀಕ್ಷೆ ನೋಡ್ಕೊಳ್ಳಿ ಮೇಡಂ, ನಾನು ನನ್ನದು ನೋಡ್ಕೊಳ್ತೀನಿ" ಎಂದಳು ಬೇಕರಿಯಮ್ಮ. ನನ್ನ ಮಾತು ನನಗೇ ತಿರುಗಿಸದೆ ಬಿಟ್ಟಳಲ್ಲ, ಅದು ಅವಳ ದೊಡ್ಡತನ.

ಸಂಜೆ ಅಕ್ಕನಿಗೆ ಹೇಳಿದೆ. "ಅಮ್ಮಂದು ಹಲ್ಲಲ್ಲ ಕಣೇ ಅಕ್ಕ."

ಅವಳು ಆ ಕಡೆ ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು.

"ಎಷ್ಟು ನಕ್ಕಿದ್ವಲ್ಲೇ ನಾವು" ಎಂದಳು.

ಇಬ್ಬರೂ ಫೋನು ಇಡಲಿಲ್ಲ.

ಮಾರ್ಚ್ 20, ಗುರುವಾರ

ಇವರು ನಾಳೆಗೆ ಬೇಕಾದ ಸಾಮಾನು ತಂದರು, ನಾನೂ ಜೊತೆಗೆ ಹೋಗಿದ್ದೆ. ವಾಪಸು ಬರುವಾಗ ಮೊದಲ ತಿರುವಿನಲ್ಲಿ ಎಂದಿನಂತೆ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದರು. ಕಾಲಲ್ಲಿ ಚಪ್ಪಲಿ ಇತ್ತು.

"ಏಳ್ರೀ ಮೇಲೆ" ಎಂದೆ. "ನಿಮಗೇನೂ ಆಗಿಲ್ಲ. ನನಗೆ ನಿಲ್ಲಬೇಕು."

ಮೂವತ್ತೈದು ವರ್ಷದಲ್ಲಿ ಇವರ ಮುಖ ಹಾಗೆ ಪೆಚ್ಚಾದದ್ದು ನಾನು ನೋಡಿರಲಿಲ್ಲ. ಚೀಲ ಕೆಳಗಿಟ್ಟರು. ಇಬ್ಬರೂ ನಿಂತೆವು. ಬೆಕ್ಕು ಮೇಲಿಂದ ಇಣುಕಿ ನೋಡಿತು.

"ಒಂದು ವರ್ಷ ನಾಟಕ ಆಡೋ ಬದಲು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನಿನಗೆ ಏದುಸಿರು ಬರ್ತಿದೆ ಕಣೇ ಅಂತ ಒಂದು ಮಾತು. ಅಷ್ಟು ದೊಡ್ಡ ಭಾಷಣವಾ ಅದು? ನಾನೇನು ಹುಲಿಯಾ, ಕರಡಿಯಾ?" ಒಂದೇ ಉಸಿರಿಗೆ ಬೈದೆ. ಹಲ್ಲು ಎಳೆಯಿತು, ನಿಲ್ಲಿಸಿದೆ.

"ಹೇಳಿದ್ರೆ ನೀನು ಓಡ್ಕೊಂಡು ಹತ್ತಿ ತೋರಿಸ್ತಿದ್ದೆ" ಎಂದರು.

ಅದು ನಿಜ. ನಿಜವಾದ್ದರಿಂದ ಇನ್ನೂ ಸಿಟ್ಟು ಬಂತು. ಖಂಡಿತ ಓಡುತ್ತಿದ್ದೆ. ಅಮ್ಮನ ಹಾಗೆ ಮಹಡಿಯ ಮೇಲೆ ತಲುಪಿ, ನೋಡಿದ್ರಾ ಎನ್ನುತ್ತಿದ್ದೆ.

ಈ ಮನುಷ್ಯನನ್ನು ಕ್ಷಮಿಸಿಲ್ಲ. ವಾಪಸು ಬಂದ ಮೇಲೆ ಇದರ ಬಾಕಿ ಜಗಳ ಇದೆ. ಮೂರು ಮಹಡಿಗೆ ಆಗುವಷ್ಟು ಇದೆ.

ಮಾರ್ಚ್ 21, ಶುಕ್ರವಾರ

ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದಾರೆ. ಬಲ ಮಣಿಕಟ್ಟನ್ನು ನಳಿಗೆಗೆ ಬೇಕೆಂದು ಬಿಟ್ಟಿದ್ದಾರೆ, ಅದಕ್ಕೇ ಇನ್ನೂ ಪೆನ್ನು ಹಿಡಿಯಬಲ್ಲೆ. ಹಿಂದೆ ಕಟ್ಟುವ ಗೌನು, ಅದರ ದಾರ ಒಂದೂ ನೆಟ್ಟಗಿಲ್ಲ. ನರ್ಸಿಗೆ ಹೇಳಿದೆ, ನಕ್ಕಳು. ಇನ್ನು ಸ್ವಲ್ಪ ಹೊತ್ತಿಗೆ ಕರೆಯುತ್ತಾರಂತೆ.

ಟ್ಯಾಕ್ಸಿಯಲ್ಲಿ ಬಂದೆವು. ದಾರಿಯುದ್ದಕ್ಕೂ ನನ್ನ ಕಾಲು ಎದುರಿನ ಸೀಟಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಆ ಡ್ರೈವರಿಗೆ ತಿರುವಿನಲ್ಲಿ ಗೇರು ಬದಲಿಸಲು ಬರುವುದಿಲ್ಲ. ಹೇಳಲಿಲ್ಲ, ಇವತ್ತಿನ ಮಟ್ಟಿಗೆ.

ಅದಕ್ಕೂ ಮೊದಲು ಮನೆಯಲ್ಲಿ ನಡೆದದ್ದನ್ನು ಬರೆದುಬಿಡುತ್ತೇನೆ. ಬಾಗಿಲಿಗೆ ಬೀಗ ಹಾಕಿ ಇಳಿಯತೊಡಗಿದೆವು. ಇವರು ಚೀಲ ಹಿಡಿದು ಮುಂದೆ, ನಾನು ಹಿಂದೆ. ಇಳಿಯುವಾಗ ನನಗೆ ಏನೂ ಆಗುವುದಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಇವರು ಗಕ್ಕನೆ ನಿಂತು ಗೋಡೆಗೆ ಒರಗಿದರು.

"ಇಳಿಯೋವಾಗಲೂ ಶುರು ಮಾಡಿದ್ರಾ?" ಎಂದೆ. "ನನಗೆ ಏದುಸಿರಿಲ್ಲ. ನಡೀರಿ, ಹೊತ್ತಾಗುತ್ತೆ."

ಇವರು ಕದಲಲಿಲ್ಲ. ಚೀಲದೊಳಗಿದ್ದ ನೀರಿನ ಬಾಟಲಿ ಕಟಕಟ ಅನ್ನುತ್ತಿತ್ತು.

"ಇಲ್ಲ ಕಣೇ" ಎಂದರು. "ಈ ಸಲ ನನಗೇ. ಹೆದರಿಕೆ."

ಅವರ ಕೈಯಿಂದ ಚೀಲ ತೆಗೆದುಕೊಂಡು ಕೆಳಗಿಟ್ಟೆ. ಪಕ್ಕದಲ್ಲಿ ಗೋಡೆಗೆ ಒರಗಿ ನಿಂತೆ. ಬೈಯಲಿಲ್ಲ.